ಗಮನಾರ್ಹ ವ್ಯತ್ಯಾಸ ಕಂಡುಬಂದಿಲ್ಲ

ಅಧ್ಯಕ್ಷತೆ ವಹಿಸಿರುವ ಮಾನ್ಯ ಕುಲಪತಿಗಳೇ, ವೇದಿಕೆಯ ಮೇಲಿರುವ ಗಣ್ಯರೇ, ಇವತ್ತು ನಿವೃತ್ತರಾಗುತ್ತಿರುವ ನಮ್ಮ ಶಿಕ್ಷಣ ವಿಭಾಗದ ಹೆಮ್ಮೆಯ ಪ್ರಾಧ್ಯಾಪಕಿಯವರೇ, ಸಹೋದ್ಯೋಗಿಗಳೇ, ಚಹಾ ಯಾವಾಗ ಬರುತ್ತದೆಂದು ಬಾಗಿಲ ಕಡೆಗೇ ನೋಡುತ್ತಿರುವ ವಿದ್ಯಾರ್ಥಿ ಮಿತ್ರರೇ, ಎರಡನೆಯ ಸಾಲಿನಲ್ಲಿ ಕುಳಿತು ನನ್ನನ್ನು ದುರುಗುಟ್ಟಿಕೊಂಡು ನೋಡುತ್ತಿರುವ ನನ್ನ ಅಕ್ಕನವರೇ, ಹಾಗೂ ಸಮಸ್ತ ಸಭಿಕರೇ,

ನನಗೆ ಕೊಟ್ಟಿರುವುದು ಐದು ನಿಮಿಷ. ಅದರಲ್ಲಿ ಸಂಬೋಧನೆಗೇ ಒಂದು ನಿಮಿಷ ಹೋಯಿತು. ಚಿಂತೆಯಿಲ್ಲ, ಉಳಿದದ್ದನ್ನೆಲ್ಲ ಪರದೆಯ ಮೇಲೆ ಚಿತ್ರಸಮೇತ ತೋರಿಸಿಬಿಡೋಣ ಎಂದು ವಾರವಿಡೀ ಕುಳಿತು ಸ್ಲೈಡುಗಳನ್ನು ಮಾಡಿಕೊಂಡು ಬಂದಿದ್ದೇನೆ. ಆದರೆ ನೀವೇ ನೋಡುತ್ತಿದ್ದೀರಿ, ಪರದೆಯ ಮೇಲೆ ನೀಲಿ ಬಣ್ಣ ಬಿಟ್ಟರೆ ಬೇರೇನೂ ಇಲ್ಲ. ನಮ್ಮ ತಂತ್ರಜ್ಞ ಅಣ್ಣ ಮೇಜಿನ ಕೆಳಗೆ ತೂರಿಕೊಂಡು ವೈರು ಎಳೆಯುತ್ತಿದ್ದಾನೆ. ಏನಪ್ಪಾ, ಬರತ್ತಾ? 'ಬರತ್ತೆ ಸರ್' ಎಂಬಂತೆ ಕೈ ಆಡಿಸುತ್ತಿದ್ದಾನೆ. ಈ 'ಬರತ್ತೆ ಸರ್' ಎನ್ನುವ ಮಾತನ್ನು ನಂಬಿಕೊಂಡೇ ನಾನು ನನ್ನ ಇಡೀ ವೃತ್ತಿಜೀವನವನ್ನು ಕಳೆದಿದ್ದೇನೆ, ಸಭಿಕರೇ.

ಹೊಸ ವಿದ್ಯಾರ್ಥಿಗಳಿಗೆ ಗೊತ್ತಿರಲಿಕ್ಕಿಲ್ಲ. ಈ ವಿಭಾಗದಲ್ಲಿ ನನಗೆ 'ಮಷೀನ್ ಮೇಷ್ಟ್ರು' ಎಂದು ಹೆಸರು. ಇವತ್ತಿನ ಸನ್ಮಾನಿತರಿಗೆ 'ಚಾಕ್‌ಪೀಸ್ ಮೇಡಂ' ಎಂದು ಹೆಸರು. ಎರಡನ್ನೂ ಇಟ್ಟವರು ಒಂದೇ ಬೆಂಚಿನ ಹುಡುಗರು ಎಂದು ನನ್ನ ಅನುಮಾನ. ಈಗ ತಾನೇ ವಿದ್ಯಾರ್ಥಿಗಳು ಮೇಡಂ ಅವರಿಗೆ ನೆನಪಿನ ಕಾಣಿಕೆ ಕೊಟ್ಟರಲ್ಲ, ಅವರು ಇಷ್ಟು ವರ್ಷ ಬಳಸಿದ ಅದೇ ಮರದ ಡಸ್ಟರು, ಪಾಲಿಶ್ ಮಾಡಿಸಿದ್ದು, ಅದು ಅವರ ಮುಂದಿನ ಮೇಜಿನ ಮೇಲೆಯೇ ಇದೆ. ಅದು ಅಲ್ಲೇ ಇರಲಿ. ಆಮೇಲೆ ಕೆಲಸಕ್ಕೆ ಬರುತ್ತದೆ.

ನಾನು ಈ ವಿಶ್ವವಿದ್ಯಾಲಯಕ್ಕೆ ಬಂದಾಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಪ್ರಶ್ನೆ. ತಂತ್ರಜ್ಞಾನ ಬಳಸಿ ಪಾಠ ಮಾಡಿದರೆ ಮಕ್ಕಳು ಹೆಚ್ಚು ಕಲಿಯುತ್ತಾರೋ ಇಲ್ಲವೋ? ಎಂಥ ಪ್ರಶ್ನೆ! ಲೋಕವನ್ನೇ ಬದಲಿಸಬಲ್ಲ ಪ್ರಶ್ನೆ! ಆದರೆ ಇದಕ್ಕೆ ಉತ್ತರ ಹುಡುಕಬೇಕಾದರೆ ಎರಡು ತರಗತಿ ಬೇಕು. ಒಂದರಲ್ಲಿ ಯಂತ್ರ ಇರಬೇಕು. ಇನ್ನೊಂದರಲ್ಲಿ ಏನೂ ಹೊಸದು ಇರಬಾರದು, ಎಂದಿನ ಹಾಗೆ ಪಾಠ ನಡೆಯಬೇಕು. ಈ ಎರಡನೆಯದಕ್ಕೆ ನಮ್ಮ ಶಾಸ್ತ್ರದಲ್ಲಿ 'ನಿಯಂತ್ರಿತ ಗುಂಪು' ಎನ್ನುತ್ತಾರೆ. ಕೊನೆಗೆ ಎರಡೂ ತರಗತಿಗಳ ಅಂಕಗಳನ್ನು ಹೋಲಿಸಿ ನೋಡುವುದು. ಆಗ ಸಂಖ್ಯಾಶಾಸ್ತ್ರದ 'ಎ' ವಿಭಾಗ ನನ್ನದು, 'ಬಿ' ವಿಭಾಗ ಮೇಡಂ ಅವರದು. ನಾನು ಟೈ ಸರಿಮಾಡಿಕೊಂಡು ಅವರ ಕೋಣೆಗೆ ಹೋದೆ. ಆ ಕಾಲದಲ್ಲಿ ನಾನು ಟೈ ಕಟ್ಟುತ್ತಿದ್ದೆ, ನಗಬೇಡಿ.

"ಮೇಡಂ, ತಾವು ನನ್ನ ನಿಯಂತ್ರಿತ ಗುಂಪು ಆಗ್ತೀರಾ?" ಎಂದೆ.

ಅವರು ಕನ್ನಡಕದ ಮೇಲಿಂದ ನೋಡಿದರು. "ಏನ್ ಮಾಡ್ಬೇಕು ನಾನು?"

"ಏನೂ ಮಾಡ್ಬಾರ್ದು ಮೇಡಂ. ಯಾವತ್ತಿನ ಹಾಗೆ ನೀವು ನೀವಾಗಿದ್ರೆ ಸಾಕು."

"ಇಷ್ಟು ಸುಲಭದ ಕೆಲಸ ಈ ಕಟ್ಟಡದಲ್ಲಿ ಇದುವರೆಗೂ ಯಾರೂ ನಂಗೆ ಕೊಟ್ಟಿಲ್ಲ. ಆಯ್ತು, ಬರ್ಕೊಳ್ಳಿ," ಎಂದರು.

ಹೀಗೆ ಶುರುವಾಯಿತು ನೋಡಿ. ಮೊದಲ ವರ್ಷ ಓವರ್‌ಹೆಡ್ ಪ್ರೊಜೆಕ್ಟರ್ ತಂದೆ. ಅದು ಬಿಸಿಯಾಗಿ ಗುಂಯ್ ಎನ್ನುತ್ತಿತ್ತು. ಆಮೇಲೆ ಟೇಪ್ ರೆಕಾರ್ಡರ್ ತಂದೆ, ಅದು ಟೇಪನ್ನೇ ನುಂಗುತ್ತಿತ್ತು. ಟಿವಿ ತಂದೆ, ಕಂಪ್ಯೂಟರ್ ತಂದೆ, ಟ್ಯಾಬ್ಲೆಟ್ ತಂದೆ. ನಾನು ತರದ ಯಂತ್ರವಿಲ್ಲ, ತಂದಮೇಲೆ ಕೆಡದ ಯಂತ್ರವಿಲ್ಲ. ಮೇಡಂ ಮಾತ್ರ ಅದೇ ಕಪ್ಪು ಹಲಗೆ, ಅದೇ ಚಾಕ್‌ಪೀಸು, ಅದೇ ಡಸ್ಟರು. ಪ್ರತಿವರ್ಷ ಪರೀಕ್ಷೆ ಮುಗಿದಮೇಲೆ ಸ್ಟಾಫ್ ರೂಮಿನ ಕಿಟಕಿಯ ಪಕ್ಕದ ಮೇಜಿನ ಆಚೀಚೆ ಕುಳಿತು ಇಬ್ಬರೂ ಅಂಕಗಳನ್ನು ತಾಳೆ ನೋಡುತ್ತಿದ್ದೆವು. ಫಲಿತಾಂಶ? ಗಮನಾರ್ಹ ವ್ಯತ್ಯಾಸ ಕಂಡುಬಂದಿಲ್ಲ! ಬೆಟ್ಟ ಅಗೆದು ಇಲಿ ಹಿಡಿದ ಹಾಗೆ. ಅಲ್ಲ, ಇಲಿಯಾದರೂ ಎಲ್ಲಿ ಸಿಕ್ಕಿತು?

ನನ್ನ ಎಲ್ಲ ಪ್ರಬಂಧಗಳೂ ಒಂದೇ ಸಾಲಿನಲ್ಲಿ ಮುಗಿಯುತ್ತವೆ: 'ಗಮನಾರ್ಹ ವ್ಯತ್ಯಾಸ ಕಂಡುಬಂದಿಲ್ಲ. ಹೆಚ್ಚಿನ ಸಂಶೋಧನೆಯ ಅಗತ್ಯವಿದೆ.' ಪಕ್ಕದಲ್ಲಿ ಕುಲಪತಿಗಳು ತಲೆಯಾಡಿಸುತ್ತಿದ್ದಾರೆ, ಅವುಗಳನ್ನೆಲ್ಲ ಓದಿದ ನತದೃಷ್ಟರಲ್ಲಿ ಅವರೂ ಒಬ್ಬರು. ಬೇರೆಯವರಾಗಿದ್ದರೆ ಕೈಬಿಡುತ್ತಿದ್ದರು. ನಾನೇಕೆ ಬಿಡಲಿಲ್ಲ? ಪ್ರತಿಸಲವೂ ಮೇಡಂ ಚಹಾದ ಲೋಟ ಕೆಳಗಿಟ್ಟು ಒಂದು ಮಾತು ಹೇಳುತ್ತಿದ್ದರು: "ಈ ಸಲಾನೂ ಇಲ್ವಾ? ಹೋಗ್ಲಿ ಬಿಡಿ, ಮುಂದಿನ ವರ್ಷ ಬೇರೆ ಮಷೀನ್ ತನ್ನಿ." ಮುಂದಿನ ವರ್ಷ ತನ್ನಿ ಎಂದು ಒಬ್ಬರು ಹೇಳಿದಮೇಲೆ ತರದೆ ಇರುವುದು ಹೇಗೆ? ನೀವೇ ಹೇಳಿ.

ಈಗ ವಿಷಯಕ್ಕೆ ಬರುತ್ತೇನೆ. ಇದುವರೆಗೆ ಹೇಳಿದ್ದು ವಿಷಯ ಅಲ್ಲವೇ ಎಂದು ಕೇಳಬೇಡಿ.

ನಮ್ಮ ಹಳೆಯ ಕಟ್ಟಡದ ಮೇಲಂತಸ್ತನ್ನು ನೋಡಿದವರಿಗೆ ಗೊತ್ತು. ಅದು ಒಂದೇ ಉದ್ದನೆಯ ಹಾಲ್. ನಡುವೆ ಒಂದು ಹಲಗೆಗೋಡೆ. ಅದು ಚಾವಣಿಯವರೆಗೂ ಹೋಗುವುದಿಲ್ಲ, ತಲೆಗಿಂತ ಸ್ವಲ್ಪ ಮೇಲಕ್ಕೆ ಹೋಗಿ 'ಇಷ್ಟು ಸಾಕು' ಎಂದು ನಿಂತುಬಿಟ್ಟಿದೆ. ಈ ಕಡೆ ನನ್ನ ತರಗತಿ, ಆ ಕಡೆ ಅವರದು, ಒಂದೇ ಹೊತ್ತಿಗೆ. ನಮ್ಮಿಬ್ಬರ ನಡುವೆ ಒಂದು ಒಪ್ಪಂದವಿತ್ತು. ನನ್ನ ಯಂತ್ರದ ಗದ್ದಲ ಜಾಸ್ತಿಯಾದರೆ ಅವರು ಡಸ್ಟರಿನಿಂದ ಹಲಗೆಗೋಡೆಗೆ ಒಂದು ಸಲ ಬಡಿಯುತ್ತಿದ್ದರು. ಒಂದು ಬಡಿತ ಎಂದರೆ 'ಸಾಕು, ನಿಲ್ಸಿ'. ಅವರ ಪಾಠ ಮುಗಿದು ಮಕ್ಕಳು ಲೆಕ್ಕ ಮಾಡಲು ಕುಳಿತಾಗ ಎರಡು ಸಲ ಬಡಿಯುತ್ತಿದ್ದರು. ಎರಡು ಬಡಿತ ಎಂದರೆ 'ನನ್ನದೇನೂ ಅಡ್ಡಿಯಿಲ್ಲ, ಮುಂದುವರಿಸಿ'. ಸ್ಟಾಫ್ ರೂಮಿನಲ್ಲಿ ಇದರ ಬಗ್ಗೆ ನಾವು ಒಂದು ದಿನವೂ ಮಾತಾಡಿದವರಲ್ಲ. ಅದು ಹಲಗೆಯ ಮಾತು, ಹಲಗೆಯ ಹತ್ತಿರವೇ ಇರುತ್ತಿತ್ತು.

ಹೋದ ವರ್ಷ ನನ್ನ ಅದೃಷ್ಟ ಖುಲಾಯಿಸಿತು. ಹೊಸ ಕಟ್ಟಡ, ಹೊಸ ಸ್ಮಾರ್ಟ್ ಬೋರ್ಡು. ಬೆರಳು ಮುಟ್ಟಿಸಿದರೆ ಗ್ರಾಫ್ ಮೂಡುತ್ತದೆ, ಇನ್ನೊಂದು ಬೆರಳು ಮುಟ್ಟಿಸಿದರೆ ಅದೇ ಗ್ರಾಫ್ ಗಿರಗಿರ ತಿರುಗುತ್ತದೆ. 'ಎ' ವಿಭಾಗವನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಮೇಡಂ ಹಳೆಯ ಕಟ್ಟಡದಲ್ಲಿಯೇ ಉಳಿದರು. ವರ್ಷಾಂತ್ಯಕ್ಕೆ ಅಂಕಗಳನ್ನು ಹಾಕಿ ನೋಡುತ್ತೇನೆ, ಗಮನಾರ್ಹ ವ್ಯತ್ಯಾಸ! ಜೀವಮಾನದಲ್ಲಿ ಮೊದಲ ಸಲ! ಕುರ್ಚಿಯಿಂದ ಎದ್ದೇ ಬಿಟ್ಟೆ. "ಅಕ್ಕಾ, ಬಂತು! ವ್ಯತ್ಯಾಸ ಬಂತು!" ಎಂದು ಅಡುಗೆಮನೆಗೆ ಓಡಿದೆ. ಅಕ್ಕ ಕೈ ಒರೆಸಿಕೊಳ್ಳುತ್ತ, "ಯಾರ ಕಡೆಗೆ ಬಂತೋ?" ಎಂದಳು.

ಅದನ್ನು ನಾನು ನೋಡಿರಲಿಲ್ಲ. ವಾಪಸ್ಸು ಹೋಗಿ ನೋಡಿದೆ. ಯಂತ್ರವಿದ್ದ ನನ್ನ ತರಗತಿ ಮಕಾಡೆ ಮಲಗಿತ್ತು.

ಏಕೆ ಹೀಗಾಯಿತು? ತಲೆ ಕೆರೆದುಕೊಂಡೆ, ಕೂದಲು ಮೊದಲೇ ಕಡಿಮೆ. ಕೊನೆಗೆ ಗುಟ್ಟು ಬಿಟ್ಟುಕೊಟ್ಟವರು ಇವತ್ತಿನ ಕಾರ್ಯಕ್ರಮದ ನಿರೂಪಕಿ, ಅಗೋ ಅಲ್ಲಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಾರಲ್ಲ, ಅವರು. ಈಗ ನಮ್ಮಲ್ಲೇ ಅಧ್ಯಾಪಕಿ, ಹಿಂದೆ ನನ್ನ 'ಎ' ವಿಭಾಗದ ವಿದ್ಯಾರ್ಥಿನಿ. ಅವರು ತಡವರಿಸುತ್ತ ಹೇಳಿದರು: "ಸರ್, ಬೇಜಾರ್ ಮಾಡ್ಕೋಬೇಡಿ. ನೀವು ಮಷೀನ್ ರಿಪೇರಿ ಮಾಡ್ತಾ ಇರ್ತಿದ್ರಲ್ಲ, ಅಷ್ಟೊತ್ತೂ ನಾವು ಆ ಕಡೆಯಿಂದ ಮೇಡಂ ಹೇಳೋದನ್ನ ಕೇಳಿಸ್ಕೊಂಡು ಬರ್ಕೊಳ್ತಿದ್ವಿ. ಹೊಸ ಬಿಲ್ಡಿಂಗಲ್ಲಿ ಮೇಡಂ ಕೇಳಿಸಲ್ಲ ಸರ್."

ಸಭಿಕರೇ, ಇದರ ಅರ್ಥವಾಯಿತೇ ನಿಮಗೆ? ನಾನು ಇಷ್ಟು ಕಾಲ ಯಂತ್ರದ ಪಾಠವನ್ನೂ ಮೇಡಂ ಪಾಠವನ್ನೂ ಹೋಲಿಸುತ್ತಿದ್ದೇನೆ ಎಂದುಕೊಂಡಿದ್ದೆ. ನಿಜವಾಗಿ ಹೋಲಿಸುತ್ತಿದ್ದದ್ದು ಮೇಡಂ ಪಾಠವನ್ನೂ ಮೇಡಂ ಪಾಠವನ್ನೂ! ವ್ಯತ್ಯಾಸ ಎಲ್ಲಿಂದ ಬರಬೇಕು? ಸಂಶೋಧನಾ ವಿಧಾನ ಎಂಬ ವಿಷಯವನ್ನು ಈ ವಿಶ್ವವಿದ್ಯಾಲಯದಲ್ಲಿ ಬೋಧಿಸುವವನು ನಾನೇ ಎಂಬುದನ್ನು ದಯವಿಟ್ಟು ಹೊರಗೆ ಯಾರಿಗೂ ಹೇಳಬೇಡಿ.

ಆದರೆ ನನಗೆ ಅನುಮಾನ ಬರಬೇಕಿತ್ತು. ಏಕೆಂದರೆ ಅವರ ಪಾಠ ನನಗೂ ಬಾಯಿಪಾಠ. ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದನ್ನು ಅಳೆಯುವ ಲೆಕ್ಕವೊಂದಿದೆ, ಅದಕ್ಕೆ ವಿಚಲನೆ ಎನ್ನುತ್ತೇವೆ. ನಾನು ಅದಕ್ಕೆ ಸೂತ್ರ ಬರೆಸುತ್ತಿದ್ದೆ. ಅವರು ಆ ಕಡೆಯಿಂದ ಹೇಳುತ್ತಿದ್ದರು: "ಸರಾಸರಿ ಅಂದ್ರೆ ಮನೆ ನಡುವಿನ ಟೀಪಾಯಿ ಅಂದ್ಕೊಳ್ಳಿ. ಮನೆಯವ್ರೆಲ್ಲ ಅದ್ರಿಂದ ಎಷ್ಟೆಷ್ಟು ದೂರ ಕೂತಿದಾರೆ ಅನ್ನೋದೇ ವಿಚಲನೆ. ಜಗಳ ಆದ ದಿನ ಟೀಪಾಯಿ ಅಲ್ಲೇ ಇರತ್ತೆ, ಜನ ಮಾತ್ರ ಮೂಲೆಮೂಲೆಗೆ." ಆ ಕಡೆಯ ಮಕ್ಕಳು ನಗುತ್ತಿದ್ದರು. ಈ ಕಡೆಯ ಮಕ್ಕಳೂ ನಗುತ್ತಿದ್ದರು. ನಾನು ಪ್ರೊಜೆಕ್ಟರಿನ ಒಳಗೆ ತಲೆ ಹಾಕಿಕೊಂಡು ನಗುತ್ತಿದ್ದೆ. ಯಂತ್ರ ಕೆಟ್ಟ ದಿನಗಳಲ್ಲಿ ಹೀಗೆ. ಕೆಡದ ದಿನಗಳಲ್ಲೂ ಒಮ್ಮೊಮ್ಮೆ ಸ್ಕ್ರೂ ಸ್ವಲ್ಪ ಸಡಿಲಿಸಿ... ಇರಲಿ. ಅದು ಇವತ್ತಿನ ವಿಷಯವಲ್ಲ.

ಅಕ್ಕಾ, ಹಾಗೆ ನೋಡಬೇಡ. ಹೇಳುತ್ತಿದ್ದೇನೆ.

ಮೇಡಂ ನಾಳೆ ಬೆಳಿಗ್ಗೆಯ ರೈಲಿಗೆ ತಮ್ಮನ ಊರಿಗೆ ಹೊರಡುತ್ತಾರೆ. ಸಾಮಾನೆಲ್ಲ ಕಟ್ಟಿ ಆಗಿದೆಯಂತೆ. ಇಲ್ಲೊಂದು ಸಣ್ಣ ಸಮಸ್ಯೆ ಇದೆ, ಕುಲಪತಿಗಳ ಗಮನಕ್ಕೆ ತರಬಯಸುತ್ತೇನೆ. ನನ್ನ ಹೊಸ ಸಂಶೋಧನಾ ಯೋಜನೆಗೆ ಮಂಜೂರಾತಿ ಸಿಕ್ಕಿದೆ. ಅದಕ್ಕೆ ನಿಯಂತ್ರಿತ ಗುಂಪು ಬೇಕು. ನಿವೃತ್ತರಾದರೂ ಗೌರವ ಪ್ರಾಧ್ಯಾಪಕರಾಗಿ ಮುಂದುವರಿಯಲು ನಿಯಮಗಳಲ್ಲಿ ಅವಕಾಶವಿದೆ. ಆದ್ದರಿಂದ ಮೇಡಂ ಅವರು ಶೈಕ್ಷಣಿಕ ಹಿತದೃಷ್ಟಿಯಿಂದ ಈ ಊರಿನಲ್ಲಿಯೇ...

ಅಕ್ಕ ತಲೆ ಚಚ್ಚಿಕೊಳ್ಳುತ್ತಿದ್ದಾಳೆ.

ನಿನ್ನೆ ಈ ಭಾಷಣವನ್ನು ಅವಳ ಮುಂದೆ ಓದಿದ್ದೆ. ಪೂರ್ತಿ ಕೇಳಿ ಅವಳು ಹೇಳಿದ್ದಿಷ್ಟು: "ಲೋ, ಅಂಗೈಲಿ ಬೆಣ್ಣೆ ಇಟ್ಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ್ರಂತೆ. ಇಷ್ಟು ವರ್ಷದಿಂದ ಒಂದೇ ಪ್ರಶ್ನೆ ಕೇಳ್ತಾ ಇದೀಯ. ಆ ಪ್ರಶ್ನೇನೇ ತಪ್ಪು ಕಣೋ. ಇನ್ನೊಂದ್ ಪ್ರಶ್ನೆ ಇದ್ಯಲ್ಲ, ಅದನ್ನ ಕೇಳು."

"ಅವ್ರು ಇಲ್ಲ ಅಂದ್ಬಿಟ್ರೆ?" ಎಂದೆ.

"ವ್ಯತ್ಯಾಸ ಇಲ್ಲ ಅನ್ನೋ ಫಲಿತಾಂಶ ನಿಂಗೇನ್ ಹೊಸದಾ?" ಎಂದಳು.

ಹಾಗಾದರೆ ಕೇಳುತ್ತೇನೆ. ಈ ಭಾಷಣ ಪೀಠ ನಿಮ್ಮ ಕಡೆಗೆ ಮುಖ ಮಾಡಿದೆ, ಮೇಡಂ ನನ್ನ ಬೆನ್ನ ಹಿಂದೆ ಕುಳಿತಿದ್ದಾರೆ. ಅವರ ಮುಖ ನನಗೆ ಕಾಣುವುದಿಲ್ಲ. ಒಳ್ಳೆಯದೇ ಆಯಿತು, ನನಗೆ ಅದೇ ಅಭ್ಯಾಸ. ನಾನು ತಿರುಗಿ ನೋಡುವುದಿಲ್ಲ.

ಮೇಡಂ, ಹೊಸ ಕಟ್ಟಡಕ್ಕೆ ಹೋದಮೇಲೆ ಒಂದು ದಿನ ಕಾರಿಡಾರಿನಲ್ಲಿ ಸಿಕ್ಕಾಗ ನೀವು ಒಂದು ಮಾತು ಹೇಳಿದಿರಿ. "ಆ ಕಡೆ ಈಗ ತುಂಬ ನಿಶ್ಶಬ್ದ ಸರ್. ನಿಮ್ಮ ಮಷೀನ್ ಗುಂಯ್ ಅನ್ನದೆ ಇದ್ರೆ ಪಾಠ ಬೇಗ ಮುಗ್ದ್ ಹೋಗತ್ತೆ" ಎಂದಿರಿ. ನಾನು ಪೆದ್ದನ ಹಾಗೆ "ಹೌದಾ ಮೇಡಂ" ಎಂದು ಮುಂದೆ ಹೋದೆ. ಆ ಮಾತನ್ನು ಅಂದಿನಿಂದ ಇಂದಿನವರೆಗೆ ತಲೆಯಲ್ಲಿಟ್ಟುಕೊಂಡು ತಿರುಗುತ್ತಿದ್ದೇನೆ. ಈ ಕಡೆಯೂ ತುಂಬ ನಿಶ್ಶಬ್ದ, ಮೇಡಂ. ಬೋರ್ಡು ಕೆಡುವುದೇ ಇಲ್ಲ. ಎಲ್ಲ ಸರಿಯಾಗಿ ನಡೆಯುತ್ತದೆ, ನನಗೆ ಮಾತ್ರ ಏನೂ ಸೇರುವುದಿಲ್ಲ. ನಿಮ್ಮ ದನಿ ಕೇಳದೆ ನನಗೆ ಇರಲಾಗುತ್ತಿಲ್ಲ.

ಊರಿಗೆ ಹೋಗಬೇಡಿ. ನಮ್ಮ ಮನೆಗೆ ಬನ್ನಿ. ಯೋಜನೆಗಾಗಿ ಅಲ್ಲ, ನನಗಾಗಿ. ನಾವಿಬ್ಬರೂ ಮದುವೆಯಾಗೋಣ. ನಮ್ಮ ಮನೆಯಲ್ಲಿ ಟೀಪಾಯಿ ಇದೆ. ಅಕ್ಕ ಇದ್ದಾಳೆ, ಅವಳ ಬಾಯಿ ಸ್ವಲ್ಪ ಜೋರು, ನೀವು ಈಗಾಗಲೇ ಕೇಳಿದ್ದೀರಿ. ನೀವು ಏನೂ ಮಾಡಬೇಕಾಗಿಲ್ಲ. ಯಾವತ್ತಿನ ಹಾಗೆ ನೀವು ನೀವಾಗಿದ್ದರೆ ಸಾಕು.

ಇಷ್ಟು ಜನರ ಮುಂದೆ ಕೇಳಿ ನಿಮ್ಮನ್ನು ಇಕ್ಕಟ್ಟಿಗೆ ಸಿಕ್ಕಿಸಿದೆ, ಕ್ಷಮಿಸಿ. ಬಾಯಿಬಿಟ್ಟು ಉತ್ತರ ಹೇಳಬೇಕಾಗಿಲ್ಲ. ಡಸ್ಟರು ನಿಮ್ಮ ಮುಂದೆಯೇ ಇದೆ. ಒಂದು ಸಲ ಬಡಿದರೆ, ಸಾಕು, ನಿಲ್ಲಿಸಿ. ನಾನು ಭಾಷಣ ನಿಲ್ಲಿಸಿ ಕೆಳಗಿಳಿಯುತ್ತೇನೆ, ನಾಳೆ ರೈಲಿಗೆ ನಿಮ್ಮ ಪೆಟ್ಟಿಗೆ ಹತ್ತಿಸಲು ಬರುತ್ತೇನೆ, ಮುಖ ಸಣ್ಣದು ಮಾಡಿಕೊಳ್ಳುವುದಿಲ್ಲ. ಎರಡು ಸಲ ಬಡಿದರೆ... ಅದರ ಅರ್ಥ ನಿಮಗೆ ಗೊತ್ತು.

ಸಭಿಕರೇ, ದಯವಿಟ್ಟು ಸದ್ದು ಮಾಡಬೇಡಿ. ತಂತ್ರಜ್ಞ ಅಣ್ಣ, ನೀನೂ ಸ್ವಲ್ಪ ಸುಮ್ಮನಿರಪ್ಪ.

ಒಂದು.

ಸರಿ. ಒಂದು ಸಲ ಬಡಿದರು. ನೀವೆಲ್ಲ ಕೇಳಿಸಿಕೊಂಡಿರಿ. ಪರವಾಗಿಲ್ಲ, ಮೇಡಂ. ನಿಜವಾಗಿಯೂ ಪರವಾಗಿಲ್ಲ. ಸಮಯವೂ ಮೀರಿದೆ. ಈ ಅವಕಾಶ ಕೊಟ್ಟ ಅಧ್ಯಕ್ಷರಿಗೆ, ವೇದಿಕೆಯ ಮೇಲಿನ ಗಣ್ಯರಿಗೆ, ನಿರೂಪಕಿಯವರಿಗೆ, ಇಷ್ಟು ಹೊತ್ತು ಚಹಾ ತಡವಾದರೂ ಸಹಿಸಿಕೊಂಡ ವಿದ್ಯಾರ್ಥಿಗಳಿಗೆ, ನನ್ನ ಹೃತ್ಪೂರ್ವಕ ಧನ್ಯವಾದಗಳನ್ನು...

ಏನು? ಏನದು ಸದ್ದು? ಯಾಕೆ ಎಲ್ಲರೂ ಎದ್ದು ನಿಂತಿರಿ? ಅಕ್ಕಾ, ನೀನ್ಯಾಕೆ ಅಳ್ತಾ ಇದೀಯ?

ಎರಡನೆಯದಾ? ಅದು ಎರಡನೆಯ ಬಡಿತವಾ?

ಮೇಡಂ, ಒಂದಕ್ಕೂ ಎರಡಕ್ಕೂ ನಡುವೆ ಇಷ್ಟು ಹೊತ್ತು ಬಿಡುವುದುಂಟಾ? ನಾನು ಆಗಲೇ ವಂದನಾರ್ಪಣೆಗೆ ಇಳಿದುಬಿಟ್ಟಿದ್ದೆನಲ್ಲ! ಈಗ ತಿರುಗಿ ನೋಡುತ್ತೇನೆ, ಇನ್ನು ನೋಡಬಹುದು. ನೋಡಿ, ನೋಡಿ, ಕನ್ನಡಕ ಒರೆಸಿಕೊಂಡು ನಗುತ್ತಿದ್ದಾರೆ. ಬೇಕೆಂದೇ ಕಾಯಿಸಿದ್ದಾರೆ, ಸಭಿಕರೇ. ಇಷ್ಟು ವರ್ಷ ಕಾಯಿಸಿದವನಿಗೆ ಅರ್ಧ ನಿಮಿಷದ ಶಿಕ್ಷೆ. ನ್ಯಾಯವಾಗಿದೆ.

ಓಹೋ, ಸ್ಲೈಡು ಈಗ ಬಂತಾ? ಆರಿಸಪ್ಪ, ಆರಿಸು, ಕೆಲಸ ಮುಗಿಯಿತು. ಅಧ್ಯಕ್ಷರಿಗೂ ನಿಮಗೆಲ್ಲರಿಗೂ ಇನ್ನೊಮ್ಮೆ ವಂದನೆಗಳು. ಗಮನಾರ್ಹ ವ್ಯತ್ಯಾಸ ಕಂಡುಬಂದಿದೆ. ಹೆಚ್ಚಿನ ಸಂಶೋಧನೆಯ ಅಗತ್ಯವಿಲ್ಲ. ನಮಸ್ಕಾರ.