ಕೆರಿ ಕಾಣೂ ಖೋಲಿ

...ಅದರಾಗ ವಿಚಾರ ಮಾಡೂದೇನೈತಿ? ಎರಡ ಖೋಲಿ ಸಾಕು. ಆದ್ರ ಕೆರಿ ಕಾಣೂ ಖೋಲೀನ ಬೇಕು. ಮುಂಜಾನೆ ಬಾಗಲಾ ತಗದ್ರ ಸೀದಾ ನೀರು ಕಾಣಬೇಕು, ದೋಣಿ ಕಾಣಬೇಕು. ಅಷ್ಟ ದೂರ ಮಹಾಬಳೇಶ್ವರಕ್ಕ ಹೋಗಿ ಗ್ವಾಡಿ ನೋಡ್ಕೋತ ಕುಂಡ್ರೂದೇನು? ಲೇ ಸೋಮ್ಯಾ, ಮೊದಲ ಆ ಮಗ್ಗ ಬಂದ್ ಮಾಡು. ಜಮಖಂಡಿಯಿಂದ ಬನಹಟ್ಟಿತನಕ ಈ ಬಿಸಿಲಾಗ ಗಾಡಿ ಹೊಡಕೊಂಡ ಬಂದೀನಿ, ನಿನ್ನ ಮಗ್ಗದ ಖಟಪಟ ಕೇಳಾಕಲ್ಲ... ಹಾಂ. ಈಗ ಆತು.

ಕ್ರೂಸರ್ ಹೇಳಿ ಬಂದೀನಿ. ಡ್ರೈವರ್ ಮಹಾಲಿಂಗಪುರದಾಂವ, ಘಾಟಿನ್ಯಾಗ ಕೈ ಕುಂತೈತಿ ಅವಂದು. ಶನಿವಾರ ನಸುಕಿನ್ಯಾಗ ಬಿಟ್ರ ಮಿರಜದಾಗ ನಾಷ್ಟಾ, ಸಾತಾರಾ ದಾಟಿ ಮ್ಯಾಲ ಹತ್ತಿದ್ವಿ ಅಂದ್ರ ಊಟದ ಹೊತ್ತಿಗಿ ಕೆರಿ ದಂಡಿ. ಸಂಜೀಮುಂದ ದೋಣಿ. ಬಾಳುಗ ನೀರಂದ್ರ ಅಂಜಿಕಿ, ಅವನ್ನ ನಡುವ ಕುಂಡ್ರಸೂದು... ಯಾಕ, ನಗೂದಿಲ್ಲೇನು? ಹಿಂದಕ ಹೊಳ್ಯಾಗ ಅಂವ ಎಮ್ಮಿ ಬಾಲಾ ಬಿಡದ ಹಿಡಕೊಂಡ ನಿಂತಿದ್ದಕ್ಕ ಬಿದ್ದ ಬಿದ್ದ ನಕ್ಕಾಂವ ನೀನ.

ಆತು, ಬಿಡು. ನಿನಗ ಇವತ್ತ ನಗಿ ಬರವಲ್ದು.

ಆಳಿಗೆ ಎರಡ ಬಿಯರ್, ಅದರ ಮ್ಯಾಲ ಒಂದ ಹನಿ ಇಲ್ಲ. ಮಧುಮತಿಗೂ ಹೇಳೀನಿ. ಮುಚ್ಚಿ ಇಡೂದು ಏನೈತಿ, ನಾಳೆ ಹೇಣ್ತಿ ಆಗಾಕಿ. ಆಕಿ ನಕ್ಕು, ಅಲ್ಲಿ ಥಂಡಿ ಭಾಳ ಇರ್ತೈತಂತ, ಸ್ವೆಟರ್ ಒಯ್ರಿ ಅಂದ್ಲು... ಏನಾತೋ? ಆಕಿ ಹೆಸರ ತಗದ ಕೂಡ್ಲೇ ನೂಲಿನ್ಯಾಗ ಏನ್ ಹುಡಕಾಕತ್ತಿ? ಎಳಿ ಕಡದೈತೇನು? ಕಡದಿಲ್ಲ. ನಾನೂ ನೋಡಾಕತ್ತೇನಿ, ಕಡದಿಲ್ಲ.

ಬ್ಯಾಚಲರ್ ಪಾರ್ಟಿ ಅಂತ ಹೆಸರ ಇಟ್ಟಾಂವ ನೀನ ಮತ್ತ. ಯುವರಾಜಂದು ಲಗ್ನ ಗಟ್ಟಿ ಆತು, ಬ್ಯಾಚಲರ್ ಪಾರ್ಟಿ ಆಗ್ಲೇಬೇಕು ಅಂದಿ. ನಾಕು ಮಂದ್ಯಾಗ ನಂದ ಮೊದಲ. ಫ್ಯಾಕ್ಟರ್ಯಾಗ ನೌಕರಿ ಐತಿ ಅಂತ ಬೀಳಗಿಯ ಮಧುಮತಿ ಮನಿಯವ್ರು ಹೂಂ ಅಂದ್ರು. ಹೊಲಾ ಇದ್ದ ಬಾಳುಗ ಒಲ್ಲೆ ಅಂತಾರ, ಮಗ್ಗ ಇದ್ದ ನಿನಗ ಒಲ್ಲೆ ಅಂತಾರ. ಅದಕ್ಕ ನಾ ಏನ್ ಮಾಡ್ಲೋ? ನೀ ನನ್ನಕಿಂತ ಛಲೋ ದುಡೀತಿ. ಮಂದೀಗಿ ತಿಳೀವಲ್ದು.

ಪರ್ಮ್ಯಾಗ ಫೋನ್ ಮಾಡಿದ್ನಿ ದಾರ್ಯಾಗ. ಅಂವ ಹಾರ್ಯಾಡಾಕತ್ತಾನ. ನಮ್ಮ ಮನ್ಯಾಗಿಂದ ಕಟಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಸಕೊಂಡ ಬರ್ತೀನಿ, ಅಲ್ಲಿ ಊಟ ಸಪ್ಪಗಿರ್ತೈತಿ ಅಂದ. ಬಾಳು ಹೊಸಾ ಪ್ಯಾಂಟು ತಗೊಂಡಾನಂತ, ಫೋಟೋ ಹಾಕ್ಯಾನ. ನೀ ಒಬ್ಬಾವ ಏನೂ ಕೇಳವಲ್ಲಿ. ನಾ ಬರಾಕಾಗೂದಿಲ್ಲ ಅಂತನೂ ಅನವಲ್ಲಿ, ಬರ್ತೀನಿ ಅಂತನೂ ಅನವಲ್ಲಿ. ಬಂದಾಗಿಂದ ನಾನ ಮಾತಾಡಾಕತ್ತೇನಿ... ಇತ್ತಾಗ ನೋಡು. ನನ್ನ ಮಾರಿ ನೋಡು ಸೋಮ್ಯಾ.

ನಿನಗ ಗೊತ್ತೈತಿ.

ಲಗ್ನಾ ಮುರದದ್ದು ನಿನಗ ಗೊತ್ತೈತಿ.

ನಿನ್ನೆ ಮಧುಮತಿ ಕಾಕಾ ಬಂದಿದ್ದ. ಉಂಗುರಾ, ಸೀರಿ ನಮ್ಮವ್ವನ ಮುಂದ ಇಟ್ಟ, ನೀರೂ ಕುಡೀದ ಎದ್ದ ಹ್ವಾದ. ಈ ಮಗ್ಗದ ಮ್ಯಾಲ ನೀನ ನೇಯ್ದ ಸೀರಿ. ಈ ಸುದ್ದಿ ನಮ್ಮ ಮನಿ ಹೊಸ್ತಲಾ ದಾಟಿಲ್ಲ. ಬಾಳುಗ, ಪರ್ಮ್ಯಾಗ ಗೊತ್ತಿಲ್ಲ, ಅದಕ್ಕ ಪಾಪ ಕುಣ್ಯಾಕತ್ತಾರ. ಅವ್ರಿಗಿ ಇನ್ನೂ ಹೇಳಿಲ್ಲ ನಾ. ನಿನಗೂ ಹೇಳಿದ್ದಿಲ್ಲ. ನಿನಗ ಹೆಂಗ ಗೊತ್ತಾತು?

ಹುಡುಗ ಕುಡದ್ರ ಹೆಣ್ಣಮಕ್ಕಳ ಮ್ಯಾಲ ಕೈ ಮಾಡ್ತಾನಂತ. ಹಂಗಂದ ಆ ಕಾಕಾ. ಯಾರ್ ಹೇಳಿದ್ರು ಅಂತ ಕೇಳಿದ್ರ, ನಿಮ್ಮ ಹುಡುಗನ್ನ ಬಲ್ಲವ್ರ ಹೇಳ್ಯಾರ ಅಂದ. ನಮ್ಮವ್ವ ತಿರಗಿ ನನ್ನ ನೋಡಿದ್ಲು. ಹೆತ್ತಾಕಿ. ಒಂದ ಗಳಿಗಿ ಆಕೀನೂ ನಂಬಿದ್ಲೋ ಸೋಮ್ಯಾ, ನನಗ ಕಾಣಸ್ತು.

ಹೆಣ್ಣಿನವ್ರು ವಿಚಾರಣಿಗಂತ ಹುಡುಗನ ಗೆಳ್ಯಾನ ನಂಬರ್ ಕೇಳ್ತಾರಲ್ಲ, ಆಗ ನಾ ನಿಂದೊಂದ ಕೊಟ್ಟಿದ್ನಿ. ಬ್ಯಾರೆ ಯಾರದೂ ಕೊಟ್ಟಿಲ್ಲ. ಮಹಾಬಳೇಶ್ವರದ ಸುದ್ದಿ ಕೇಳಿ ಕಾಕಾಗ ಸಂಶೇ ಬಂದೈತಿ, ಕುಡೀತಾನೇನು ಅಂತ ಮತ್ತ ನಿನಗ ಫೋನ್ ಹಚ್ಚಿರಬೇಕು. ಹೌದ ಕುಡೀತಾನ್ರಿ, ಯಾವಾಗರ ಒಂದ ಎರಡ ಬಿಯರ್, ಅಂದಿದ್ರ ಸಾಕಿತ್ತು. ಖರೇ ಹೇಳಿದಂಗ ಆಗ್ತಿತ್ತು. ಲಗ್ನಾ ಮುರದ್ರೂ ನಾ ನಿನಗ ಒಂದ ಮಾತ ಅಂತಿದ್ದಿಲ್ಲ. ಕೈ ಮಾಡ್ತಾನ ಅಂತ ಯಾಕ ಹೇಳ್ದಿ? ನಾ ಯಾರ ಮ್ಯಾಲ ಕೈ ಮಾಡೀನಿ? ಇನ್ನ ಮ್ಯಾಲ ಯಾರ ಮನ್ಯಾಗ ನನಗ ಹೆಣ್ಣ ಕೊಡ್ತಾರ? ಒಲ್ಲೆ ಅನಸಕೊಂಡ ಬರೂದು ಹೆಂಗಿರ್ತೈತಿ ಅಂತ ನಿನಗ ಹೇಳಿಕೊಡಬೇಕೇನು... ಅದ ಇರಬೇಕು. ನಾ ಒಬ್ಬಾವ ಲಗ್ನಾ ಆಗಿ ದಾಟಿ ಹೋಗಬಾರ್ದು ಅನಸ್ತೇನು ನಿನಗ?

ಮಾತಾಡು.

ಆತು. ಹಂಗಾರ ಇನ್ನೊಂದ ಕೇಳು. ಮುಂಜಾನೆ ನನಗೂ ಒಂದ ಫೋನ್ ಬಂದಿತ್ತು, ಹುನ್ನೂರಿಂದ. ಅವ್ರ ಮನ್ಯಾಗ ಯಶೋಧರಾ ಅಂತ ಹುಡುಗಿ ಐತಂತ. ಬನಹಟ್ಟಿ ಸೋಮಲಿಂಗ ಹೆಂಗ್ರಿ, ನಿಮ್ಮ ದೋಸ್ತ ಅಂತಲ್ಲ, ಅಂದ್ರು. ಮಗ್ಗದಾಂವ ಆದ್ರೂ ನಡೀತೈತ್ರಿ, ಸ್ವಭಾವ ಛಲೋ ಇರಬೇಕ್ರಿ ಅಂದ್ರು.

ಈಗ ಮಾರಿ ಎತ್ತಿದಿ ನೋಡು.

ನಾ ಏನ್ ಹೇಳಿದ್ನಿ ಅಂತ ಅಂಜಾಕತ್ತಿಯೇನು? ಅಂಜಬ್ಯಾಡ. ಕಣ್ಣ ಮುಚ್ಚಿ ಕೊಡ್ರಿ ಅಂದ್ನಿ. ನನಗೊಬ್ಬಾಕಿ ತಂಗಿ ಇದ್ದಿದ್ರ ನಾನ ಕೊಡ್ತಿದ್ನಿ ಅಂದ್ನಿ. ಉಂಗುರಾ ವಾಪಸ್ ಬಂದ ಮರುದಿನಾ, ನಿನ್ನ ಮ್ಯಾಲ ಸಂಶೇ ಇಟಗೊಂಡೂ ಹಂಗಂದ್ನಿ. ಇಂವ ಅಲ್ಲ, ಇಂವ ಇರಾಕ ಸಾಧ್ಯ ಇಲ್ಲ, ಹೋಗಿ ಪಾರ್ಟಿ ಮಾತ ತಗದ್ರ ಎಂದಿನಂಗ ನಗತಾನ, ನನ್ನ ಕೂಡ ಜಗಳಾ ತಗೀತಾನ, ಆಗ ನಾನ ಲಗ್ನಾ ಮುರದದ್ದು ಹೇಳಿ ಇವನ ಮುಂದ ಅಳತೀನಿ ಅಂತ ದಾರಿ ತುಂಬ ಅಂದ್ಕೋತ ಬಂದ್ನಿ.

ಸಂಜಿಗಿ ಯಶೋಧರಾನ ಅಪ್ಪ ಫೋನ್ ಮಾಡಾಂವ ಅದಾನ. ಮನಿ ಯಜಮಾನ, ತಾನೂ ಒಂದ ಮಾತ ಕೇಳ್ತಾನಂತ. ಅವಂಗ ನಾ ಏನ್ ಹೇಳ್ಲಿ? ಮುಂಜಾನೆ ಹೇಳಿದ್ದ ಹೇಳ್ಲೇನು? ಹೇಳಾಕ ಬಾಯಿ ಬರ್ತೈತೇನು ನನಗ...

ಹಿಂಗ ಕುಂಡ್ರಬ್ಯಾಡೋ ಸೋಮ್ಯಾ. ನಾ ಅಲ್ಲ ಅನ್ನು. ಖರೇ ಬ್ಯಾಡ, ಸುಳ್ಳರ ಹೇಳು.