ಸತ್ತ ಲೈನಿನ ಕಡೆಯಿಂದ

ಇದು ನಮ್ಮ ಭಾವನಿಗೇ ಆದದ್ದು. ಅಕ್ಕನ ಗಂಡ. ಕರೆಂಟಿನ ಸ್ಟೇಷನ್‌ನಲ್ಲಿ ರಿಲೇ ಕೂರಿಸೋ ಕೆಲಸ; ಲೈನಲ್ಲಿ ತಪ್ಪು ಕಂಡ್ರೆ ಬ್ರೇಕರ್ ಬೀಳಿಸಿ ಕರೆಂಟು ಕತ್ತರಿಸೋ ಡಬ್ಬಿ ಅದು. ಸುಳ್ಳು ಕಟ್ಟೋಕೂ ತ್ರಾಣ ಇಲ್ಲದಷ್ಟು ದಣಿದಿರ್ತಾರೆ ಯಾವಾಗ್ಲೂ, ಅದಕ್ಕೇ ನಂಬಿದೆ.

ಹೊಸ ರಿಲೇ ಒಂದನ್ನ ಕೂರಿಸೋಕೆ ಎರಡು ರಾತ್ರಿ ನಿದ್ದೆಗೆಟ್ಟು ಮನೆಗೆ ನಡ್ಕೊಂಡು ಬರ್ತಿದ್ರು. ಹಳೇ ಬಾವಿ ಹತ್ತಿರ ಬಂದಿದ್ದಾರೆ... ಹಿಂದೆ ಸ್ಟೇಷನ್ ಕಡೆಯಿಂದ "ಢಂ!" ಬ್ರೇಕರ್ ಬಿದ್ದ ಸದ್ದು. ಬೀದಿ ದೀಪ ಅಷ್ಟೂ ಆರಿಹೋಯ್ತು. ಕೇಳಿಸಲೇ ಇಲ್ಲ ಅಂತ ಹೋಗಿಬಿಡೋಣ ಅನ್ನಿಸಿತಂತೆ. ಅಷ್ಟರಲ್ಲಿ ಬಾವಿಯೊಳಗಿಂದ ಸಣ್ಣಗೆ... "ಗುಂಯ್ಯ್..." ತಂತಿ ಗುನುಗೋ ಥರ. ಬೀದಿಗೇ ಕರೆಂಟಿಲ್ಲ, ಬಾವೀಲೆಲ್ಲಿಂದ? ಇಣುಕಲಿಲ್ಲ. ಸರಸರ ಸ್ಟೇಷನ್‌ಗೇ ವಾಪಸ್ಸು ನಡೆದ್ರು.

ಅಲ್ಲಿದ್ದವರು ಆಪರೇಟರ್ ಒಬ್ಬರೇ. ಸದಾ ರಾತ್ರಿ ಪಾಳಿ, ಹಾಗಾಗಿ ಗೂಬೆಯಣ್ಣ ಅಂತಲೇ ಕರೀತಿದ್ವಿ.

"ನಿನ್ನ ಹೊಸ ರಿಲೇ ಬೀಳಿಸ್ತು ಕಣೋ," ಅಂದ್ರು.

ಅಲ್ಲಿ ಎರಡು ರಿಲೇ. ಹಳೇದಕ್ಕೆ ಗೊತ್ತಿದ್ದದ್ದು ಒಂದೇ: ಕರೆಂಟು ಮಿತಿ ಮೀರಿತಾ, ಕತ್ತರಿಸು. ಯಾವ ಕಡೆಯಿಂದ ಬಂತು ಅಂತ ಕೇಳೋದಿಲ್ಲ. ಹೊಸದು ದಿಕ್ಕನ್ನೂ ನೋಡುತ್ತೆ. ಪೇಟೆಗೆ ಎರಡು ಕಡೆಯಿಂದ ಲೈನು, ಒಂದು ನಮ್ಮದು, ಒಂದು ಆಚೆಯದು. ಆಚೆ ಕಡೆಯಿಂದ ಕರೆಂಟು ತಿರುಗಿ ನಮ್ಮ ಮೇಲೆ ನುಗ್ಗಿದರೆ ಮಾತ್ರ ಅದು ಬೀಳಿಸಬೇಕು.

ಹಳೇದು ತೆಪ್ಪಗಿತ್ತು. ಹೊಸದರ ಕೆಂಪು ದೀಪ ಉರೀತಿತ್ತು.

"ಆಚೆ ಲೈನು ರಿಪೇರಿಗೆ ಅಂತ ಸಂಜೆಯಿಂದ ಬಂದ್ ಅಲ್ವಾ ಅಣ್ಣಾ?"

"ಬಂದೇ. ಸತ್ತ ಲೈನು."

"ಮತ್ತೆ... ಅಲ್ಲಿಂದ ಏನು ಬಂತು?"

ಗೂಬೆಯಣ್ಣ ದೀಪದ ಕೆಳಗಿನ ರೀಸೆಟ್ ಗುಂಡಿ ಒತ್ತಿದ್ರು.

ಎಷ್ಟು ಒತ್ತಿದರೂ ದೀಪ ಆರಲೊಲ್ಲದು. ಅತ್ತ ಆಸ್ಪತ್ರೆಯವರ ಫೋನಿನ ಮೇಲೆ ಫೋನು. "ಅದನ್ನ ಬದಿಗಿಟ್ಟು ಹಳೇದರ ಮೇಲೆ ಲೈನು ಬಿಡಪ್ಪಾ," ಅಂದ್ರು ಗೂಬೆಯಣ್ಣ. ಭಾವ ಲೈನು ಬಿಡೋ ಹ್ಯಾಂಡಲ್‌ಗೆ ಕೈ ಹಾಕಿದ್ರು. ಕಣ್ಣ ಮುಂದೆ ಇದ್ದದ್ದು ಹಾಸಿಗೆ ಒಂದೇ.

ಆಗ... ಹಿಂದಿನ ಖಾಲಿ ಕುರ್ಚಿ "ಕಿರ್ರ್..." ಅಂತು. ಯಾರೋ ಮೈಭಾರ ಬಿಟ್ಟು ಕೂತ ಹಾಗೆ. ಆಮೇಲೊಂದು ನಿಟ್ಟುಸಿರು. "ಉಸ್ಸಪ್ಪಾ..."

"ನೀವಾ ಅಣ್ಣಾ?" ಭಾವ ಪಿಸುಗುಟ್ಟಿದ್ರು.

"ನಾನು ನಿನ್ನ ಪಕ್ಕದಲ್ಲೇ ಇದ್ದೀನಲ್ಲೋ..."

ಭಾವ ಕೈ ತೆಗೆದ್ರು. ಆಚೆ ಲೈನಿನ ಹತ್ರ ಜನ ಇದ್ದಾರಲ್ಲಾ ಅಂತ ಆಗ ಹೊಳೀತಂತೆ. ಅಲ್ಲಿನ ರಿಪೇರಿ ಗುಂಪಿನ ಮೇಸ್ತ್ರಿಗೆ ಫೋನ್ ಮಾಡಿ, "ನಿಮ್ಮವರನ್ನ ಒಂದ್ಸಲ ಎಣಿಸಿ," ಅಂದ್ರು.

"ಇದೇನಪ್ಪಾ ನಿನ್ನ ಗೋಳು," ಅಂತ ಬೈಕೊಂಡೇ ಎಣಿಸಿದ ಮೇಸ್ತ್ರಿ. ಒಬ್ಬ ಕಡಿಮೆ.

ಎರಡೂ ಲೈನು ಅಕ್ಕಪಕ್ಕ ಹೋಗೋ ಜಾಗ ಅದು. ತೂಕಡಿಸ್ತಾ ಲೈನ್‌ಮನ್ ಒಬ್ಬ ತಪ್ಪು ಕಂಬ ಹತ್ತಿದ್ದ. ನಮ್ಮ ಕಂಬ. ಟಾರ್ಚ್ ಬಿಟ್ಟಾಗ ಅವನ ಎರಡೂ ಕೈ ನಮ್ಮ ತಂತಿ ಮೇಲಿದ್ದವು.

"ಯಾಕ್ರೀ ಕೂಗಾಡ್ತೀರಾ? ಬಂದೆ," ಅಂದನಂತೆ ಮೇಲಿಂದ.

ಅವನು ನೆಲಕ್ಕೆ ಕಾಲಿಟ್ಟ ಅಂತ ಫೋನ್ ಬಂತು ನೋಡಿ, "ಟಕ್." ಕೆಂಪು ದೀಪ ತಾನಾಗೇ ಆರಿತು. ಲೈನು ಬಿಟ್ರು, ಈ ಸಲ ಬೀಳಲಿಲ್ಲ. ಭಾವ ಅಲ್ಲೇ ಬರೀ ನೆಲದ ಮೇಲೆ ಮಲಗಿಬಿಟ್ರು. ಕುರ್ಚಿ ಮೇಲೆ ಮಾತ್ರ ಇಬ್ಬರೂ ಕೂರಲಿಲ್ಲ.

ನಾನೂ ಅಲ್ಲೇ ಕೆಲಸಕ್ಕಿದ್ದೆ, ಬೆಳಗಿನ ಪಾಳಿ. ಯಾಕೆ ಬಿತ್ತು ನೋಡೋಣ ಅಂತ ಪ್ಯಾನೆಲ್ಲಿನ ಹಿಂಬಾಗಿಲು ತೆಗೆದ್ವಿ. ಹೊಸ ರಿಲೇಯಿಂದ ಬ್ರೇಕರ್‌ಗೆ ಹೋಗಬೇಕಾದ ವೈರು... ಸೇರಿಸೇ ಇರಲಿಲ್ಲ. ಸುಸ್ತಲ್ಲಿ ಭಾವ ಮರೆತಿದ್ರು. ಆ ರಿಲೇ ಏನನ್ನೂ ಬೀಳಿಸೋಕೆ ದಾರಿಯೇ ಇರಲಿಲ್ಲ.

ನಂಬಿದ್ರೆ ನಂಬಿ, ಬಿಟ್ರೆ ಬಿಡಿ. ಆ ಬೆಳಿಗ್ಗೆ ವೈರಿನ ತುದಿಗೆ ಸುತ್ತಿದ್ದ ಟೇಪು ಬಿಚ್ಚಿ ಸೇರಿಸಿದ್ದು ನಾನೇ.