ದಾರಿಗೆ ಹತ್ತಿರದ ಕೋಣೆ

ಕಾಶ್ಮೀರಿ ಗೇಟ್ ಬಸ್ ನಿಲ್ದಾಣದ ಟಿಕೆಟ್ ಸಾಲಿನಲ್ಲಿ ಬೆನ್ನ ಹಿಂದೆ ಕನ್ನಡ ಕೇಳಿ ಕುಮುದಿನಿಗೆ ಹಿಗ್ಗಾಯಿತು. ದೆಹಲಿಯಲ್ಲಿ ಕನ್ನಡ ಕಿವಿಗೆ ಬಿದ್ದರೆ ಅವಳು ಬಿಡುವವಳಲ್ಲ, ‘ಯಾವ ಕಡೆಯವರು?’ ಎಂದು ಕೇಳಿಯೇ ತೀರುತ್ತಾಳೆ. ಮಾತು ನಿಲ್ಲಲೆಂದು ಕಾದಳು. ಗಂಡ ಹೆಂಡತಿ ಬೆಟ್ಟದೂರಿನಲ್ಲೊಂದು ಹೋಟೆಲ್ ಹುಡುಕುತ್ತಿದ್ದರು.

“ಇದು ನೋಡು ಸುಮಿತ್ರಾ, ರೂಮಲ್ಲಿ ಹೀಟರ್ ಇದೆ.”

“ಹೀಟರ್ ಕಟ್ಕೊಂಡು ಏನಾಗ್ಬೇಕು ರೀ? ಟ್ರೆಕ್ಕಿಂಗ್ ದಾರಿ ಎಷ್ಟು ಹತ್ತಿರ, ಅದು ಹೇಳಿ.”

“ಹೋಟೆಲ್ ಹಿಂದೇನೇ ಶುರುವಾಗತ್ತೆ. ಆದ್ರೆ ಅದು ದೇವಸ್ಥಾನದ ಕಡೆ ದಾರಿ. ಹೋದ ಸಲ ಹುಡುಕಿದ್ವಲ್ಲ.”

“ಹಾಗಾದ್ರೆ ಬೇಡ. ಹೊಳೆ ಕಡೇದು ನೋಡಿ.”

“ಅಲ್ಲೂ ಪೊಲೀಸರು ಸಾತ್ವಿಕ್, ಸಾತ್ವಿಕ್ ಅಂತ ಕೂಗಿ ಕೂಗಿ ವಾಪಸ್ ಬಂದಿದ್ದಾರೆ ಕಣೇ.”

“ಅವರಿಗೇನು ಗೊತ್ತು? ನಾನು ಮನೇಲಿ ಕರೆಯೋ ಹಾಗೇ ‘ಊಟಕ್ಕೆ ಬಾರೋ ಮಗನೇ’ ಅಂತ ಕೂಗ್ತೀನಿ. ಯಾವತ್ತಿನ ಹಾಗೆ ಹಿಂದೀಲೇ ‘ಆಯಾ ಮಮ್ಮಿ’ ಅನ್ಲಿ, ಸಾಕು.”

ಗಂಡ ಹೋಟೆಲಿಗೆ ಫೋನ್ ಮಾಡಿದ.

“ಎಷ್ಟು ಜನ ಅಂತ ಕೇಳ್ತಿದಾನೆ.”

“ಮೂರು ಅನ್ನಿ.”

“ಸುಮಿತ್ರಾ...”

“ಸಿಕ್ಕಿದ ದಿನ ಮಗು ಎಲ್ಲಿ ಮಲಗ್ಬೇಕು? ಮೂರು ಅನ್ನಿ.”

“ತೀನ್ ಲೋಗ್, ಭಯ್ಯಾ,” ಎಂದ ಗಂಡ.

ಕುಮುದಿನಿ ಪಕ್ಕಕ್ಕೆ ಸರಿದು ಅವರನ್ನು ಮುಂದೆ ಬಿಟ್ಟಳು. “ಶುಕ್ರಿಯಾ, ದೀದಿ,” ಎಂದು ಸುಮಿತ್ರಾ ಗಂಡನ ತೋಳು ಹಿಡಿದು ಕೌಂಟರಿನತ್ತ ನಡೆದಳು.

ಯಾವ ಕಡೆಯವರೆಂದು ಕೇಳದೆ, ಕುಮುದಿನಿಯೂ ಹಿಂದಿಯಲ್ಲೇ ಪರವಾಗಿಲ್ಲ ಎಂದಳು.